ಶಂಟ್ ಹಾಕಿದ ಮಗುವಿಗೆ ವಾಂತಿಯಾದರೆ: ಯಾವಾಗ ಓಡಬೇಕು, ಯಾವಾಗ ಕಾಯಬಹುದು?

ಪ್ರಶ್ನೆ: ನಮ್ಮ ಮಗನಿಗೆ ಈಗ 14 ತಿಂಗಳು. ತಲೆಯಲ್ಲಿ ನೀರು ತುಂಬಿಕೊಂಡಿದೆ ಎಂದು 5ನೇ ತಿಂಗಳಲ್ಲಿ ವಿ.ಪಿ. ಶಂಟ್ (ಆ ನೀರನ್ನು ಹೊಟ್ಟೆಗೆ ಇಳಿಸುವ ಪೈಪು) ಹಾಕಿಸಿದೆವು. ಹೋದ ತಿಂಗಳು ಎರಡು ದಿನ ವಾಂತಿ ಮಾಡಿಕೊಂಡ. ದಾವಣಗೆರೆ ಹತ್ತಿರದ ನಮ್ಮ ಹಳ್ಳಿಯಿಂದ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಬೆಂಗಳೂರಿಗೆ ಓಡಿದೆವು. ಸ್ಕ್ಯಾನ್ ಮಾಡಿ ‘ಶಂಟ್ ಸರಿಯಾಗಿದೆ, ಹೊಟ್ಟೆ ಕೆಟ್ಟಿರಬೇಕು’ ಎಂದು ಕಳಿಸಿದರು. ಈಗ ಮನೆಯಲ್ಲಿ ‘ಪ್ರತಿ ವಾಂತಿಗೂ ಹೀಗೆ ಓಡಿದರೆ ಹೇಗೆ’ ಎನ್ನುತ್ತಾರೆ. ಕಿವಿ ಹಿಂದಿನ ಗುಬುಟನ್ನು ಒತ್ತಿ ನೋಡಿದರೆ ಗೊತ್ತಾಗುತ್ತದೆ ಎಂದು ಒಬ್ಬರು ಹೇಳಿದರು, ನಿಜವೇ? ನಮ್ಮದು ಕಡಿಮೆ ಬೆಲೆಯ ಶಂಟ್, ಅದರಿಂದ ತೊಂದರೆ ಜಾಸ್ತಿಯೇ? ಪೈಪನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು? ಅತ್ತೆಯವರು ತಲೆಗೆ ಎಣ್ಣೆ ನೀವಬೇಕು, ಜವಳ ತೆಗೆಸಬೇಕು ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಮೊದಲು ಮನೆಯವರಿಗೆ ಓದಿ ಹೇಳಿ: ಆ ಪ್ರಯಾಣ ದಂಡವಾಗಲಿಲ್ಲ. ಶಂಟ್ ಸರಿಯಾಗಿ ಕೆಲಸ ಮಾಡುತ್ತಿರುವಾಗ ನಿಮ್ಮ ಮಗನ ಮಿದುಳಿನ ನೀರಿನ ಕೋಣೆಗಳು ಎಷ್ಟು ಅಗಲ ಇರುತ್ತವೆ ಎಂಬುದಕ್ಕೆ ಈಗ ನಿಮ್ಮ ಕೈಯಲ್ಲಿ ಒಂದು ಚಿತ್ರವಿದೆ. ಶಂಟ್ ಹಾಕಿದ ಮೇಲೂ ಬಹಳ ಮಕ್ಕಳಲ್ಲಿ ಈ ಕೋಣೆಗಳು ಎಲ್ಲರಂತೆ ಚಿಕ್ಕದಾಗುವುದಿಲ್ಲ, ಸ್ವಲ್ಪ ಅಗಲವಾಗಿಯೇ ಉಳಿಯುತ್ತವೆ. ಹಳೆಯ ಚಿತ್ರ ಪಕ್ಕದಲ್ಲಿಲ್ಲದಿದ್ದರೆ, ನಾಳೆ ಅಪರಾತ್ರಿಯಲ್ಲಿ ಮಗುವನ್ನು ನೋಡುವ ಡಾಕ್ಟರಿಗೆ ಇದು ಮೊದಲಿನಿಂದ ಇದ್ದ ಅಗಲವೋ ಹೊಸದಾಗಿ ಹಿಗ್ಗಿದ್ದೋ ತಿಳಿಯುವುದಿಲ್ಲ. ಆ ಸ್ಕ್ಯಾನ್‌ನ ಫಿಲ್ಮ್ ಅಥವಾ ಸಿ.ಡಿ. ಜೋಪಾನವಾಗಿಡಿ. ಮೊಬೈಲಿನಲ್ಲೂ ಒಂದು ಫೋಟೋ ಇರಲಿ.

ಶಂಟ್ ಎನ್ನುವುದು ಮೂರು ತುಂಡುಗಳ ಒಂದು ಸಾಲು. ಮಿದುಳಿನ ಕೋಣೆಯೊಳಗೆ ಇಳಿದಿರುವ ಚಿಕ್ಕ ಕೊಳವೆ, ಚರ್ಮದ ಕೆಳಗೆ ಕೈಗೆ ಸಿಗುವ ವಾಲ್ವ್, ಅಲ್ಲಿಂದ ಕುತ್ತಿಗೆ ಮತ್ತು ಎದೆಯ ಚರ್ಮದಡಿ ಇಳಿದು ಹೊಟ್ಟೆಯೊಳಗೆ ಸಡಿಲವಾಗಿ ಬಿದ್ದಿರುವ ಉದ್ದನೆಯ ಕೊಳವೆ. ಕೊಳವೆಗಳು ಸಿಲಿಕೋನ್. ಕೊಳವೆಯ ಹೊರ ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು, ಒಳಗಿನ ದಾರಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ತಲೆಯೊಳಗಿನ ತುದಿಯಲ್ಲಿ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳಿರುತ್ತವೆ. ಬೆಳೆದವರ ಮಿದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಹುಟ್ಟುತ್ತದೆ. ಮಕ್ಕಳಲ್ಲಿ ಕಡಿಮೆ, ಆದರೆ ಹುಟ್ಟುವುದು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಆ ಸಣ್ಣ ದಾರಿ ಮುಚ್ಚಿದರೆ ನೀರಿಗೆ ಬೇರೆ ಹಾದಿಯಿಲ್ಲ.

ಮುಚ್ಚುವುದು ಎಲ್ಲಿ ಬೇಕಾದರೂ ಆಗಬಹುದು. ಮಕ್ಕಳಲ್ಲಿ ಹೆಚ್ಚಾಗಿ ತಲೆಯೊಳಗಿನ ತುದಿಯಲ್ಲೇ ಆಗುತ್ತದೆ. ನೀರನ್ನು ಹುಟ್ಟಿಸುವ ಗೊಂಚಲಿನಂಥ ಅಂಗಾಂಶ ಆ ತೂತುಗಳೊಳಗೆ ಎಳೆಯೆಳೆಯಾಗಿ ಬೆಳೆದು ನುಗ್ಗುತ್ತದೆ, ಕೆಲವೊಮ್ಮೆ ರಕ್ತದ ಹೆಪ್ಪು ಅಥವಾ ಪ್ರೋಟೀನ್ ಕಸ ಸಿಕ್ಕಿಕೊಳ್ಳುತ್ತದೆ. ಕ್ಷಯದ ಮೆದುಳುಜ್ವರದಿಂದ ನೀರು ತುಂಬಿದ ಮಕ್ಕಳಲ್ಲಿ ಈ ಕಸ ಇನ್ನೂ ಜಾಸ್ತಿ. ಮೂರು ಬಗೆಯ ವಾಲ್ವ್‌ಗಳನ್ನು ಹೋಲಿಸಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೊದಲ ವರ್ಷದಲ್ಲೇ ನೂರಕ್ಕೆ ಸುಮಾರು 40 ಶಂಟ್‌ಗಳು ಕೈಕೊಟ್ಟವು, ಎರಡು ವರ್ಷ ತುಂಬುವಷ್ಟರಲ್ಲಿ ಅರ್ಧದಷ್ಟು. ಮೂರರಲ್ಲಿ ಯಾವ ವಾಲ್ವೂ ಇನ್ನೊಂದಕ್ಕಿಂತ ಮೇಲು ಎಂದು ಕಾಣಲಿಲ್ಲ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಶಂಟ್ ಕಟ್ಟಿಕೊಂಡರೆ ನೀವು ಏನೋ ತಪ್ಪು ಮಾಡಿದಿರಿ ಎಂದಲ್ಲ, ಆಪರೇಷನ್ ಮಾಡಿದವರ ಕೈ ಸರಿಯಿಲ್ಲ ಎಂದೂ ಅಲ್ಲ. ಸಕಾಲದಲ್ಲಿ ಸಿಕ್ಕರೆ ಇದು ರಿಪೇರಿ ಆಗುವ ತೊಂದರೆ. ತಡವಾದರೆ ದೃಷ್ಟಿ ಹೋಗಬಹುದು, ಜೀವವೂ ಹೋಗಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಶಂಟ್ ಇರುವ ಮಗು ವಾಂತಿ ಮಾಡಿದರೆ ಮೊದಲ ಅನುಮಾನ ಶಂಟ್ ಮೇಲೆಯೇ ಹೋಗಬೇಕು. ಅದು ಅಲ್ಲ ಎಂದು ಗೊತ್ತಾದ ಮೇಲೆ ಅಜೀರ್ಣ, ಹಲ್ಲು, ದೃಷ್ಟಿ ಯಾವುದನ್ನು ಬೇಕಾದರೂ ಯೋಚಿಸಿ. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ಹಲ್ಲಿನಿಂದ ಮಗು ಮಂಪರಾಗುವುದಿಲ್ಲ, ಮತ್ತೆ ಮತ್ತೆ ವಾಂತಿಯಾಗುವುದಿಲ್ಲ.

ಹೊಟ್ಟೆ ಕೆಟ್ಟ ವಾಂತಿಗೂ ತಲೆಯ ಒತ್ತಡದ ವಾಂತಿಗೂ ಕೆಲವು ವ್ಯತ್ಯಾಸಗಳಿವೆ. ಹೊಟ್ಟೆ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಭೇದಿಯೂ ಶುರುವಾಗುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಆಗಿರುತ್ತದೆ, ಎರಡು ವಾಂತಿಗಳ ನಡುವೆ ಮಗು ಕಣ್ಣು ಬಿಟ್ಟು ನೋಡುತ್ತದೆ, ಆಟಿಕೆಗೆ ಕೈ ಚಾಚುತ್ತದೆ. ಹೀಗಿದ್ದರೆ ಅಂದೇ ಹತ್ತಿರದ ಮಕ್ಕಳ ಡಾಕ್ಟರಿಗೆ ತೋರಿಸಿ, ಓ.ಆರ್.ಎಸ್. ಕೊಡುತ್ತಾ ಗಮನಿಸಬಹುದು. ‘ಶಂಟ್ ಇದೆ’ ಎಂಬುದನ್ನು ಮಾತ್ರ ಮೊದಲ ಮಾತಾಗಿ ಹೇಳಿ. ಭೇದಿಯಿಲ್ಲದ ವಾಂತಿ, ಅದರಲ್ಲೂ ಬೆಳಗ್ಗೆ ಎದ್ದ ಕೂಡಲೇ ಆಗುವ ವಾಂತಿ, ಅದರ ಜೊತೆ ಹೊತ್ತಲ್ಲದ ಹೊತ್ತಿನ ನಿದ್ದೆ ಇದ್ದರೆ ಕಾಯಬೇಡಿ. ಎಬ್ಬಿಸಿದರೂ ಕಣ್ಣು ತೆರೆಯದೆ ಮತ್ತೆ ಕುತ್ತಿಗೆ ಚೆಲ್ಲುವುದು, ಕಣ್ಣಿನ ಗೊಂಬೆಗಳು ಕೆಳಗಿಳಿದು ಮೇಲೆ ಬಿಳಿ ಕಾಣುವುದು, ಹೊಸದಾಗಿ ಮೆಳ್ಳಗಣ್ಣು, ಫಿಟ್ಸ್, ಉಸಿರು ನಿಂತು ನಿಂತು ಬರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕೂರಬಾರದು, ತಕ್ಷಣ 108ಕ್ಕೆ ಕರೆ ಮಾಡಿ.

ನೆತ್ತಿಯನ್ನೂ ನೋಡಿ. ನಿಮ್ಮ ಮಗನ ವಯಸ್ಸಿನಲ್ಲಿ ನೆತ್ತಿಯ ಮೆತ್ತನೆಯ ಜಾಗ ಇನ್ನೂ ಸ್ವಲ್ಪ ತೆರೆದಿರಬಹುದು, 12ರಿಂದ 18 ತಿಂಗಳೊಳಗೆ ಮುಚ್ಚುವುದು ವಾಡಿಕೆ. ಮಗು ಅಳದೆ, ನೆಟ್ಟಗೆ ಕೂತಿರುವಾಗ ಬೆರಳು ಸವರಿ. ಆಗಲೂ ಉಬ್ಬಿ, ಗಾಳಿ ತುಂಬಿದ ಚೆಂಡಿನಂತೆ ಬಿಗಿಯಾಗಿದ್ದರೆ ಒತ್ತಡ ಏರಿದೆ ಎಂದರ್ಥ. ಅಳುವಾಗ, ಮಲಗಿರುವಾಗ ಎಲ್ಲ ಮಕ್ಕಳದೂ ಉಬ್ಬುತ್ತದೆ, ಆಗ ನೋಡಿ ಗಾಬರಿಯಾಗಬೇಡಿ. ನೆತ್ತಿ ಮುಚ್ಚಿದ ಮೇಲೆ ಒತ್ತಡಕ್ಕೆ ಹಿಗ್ಗಲು ಜಾಗವಿಲ್ಲ, ಆಗ ಲಕ್ಷಣಗಳು ಇನ್ನೂ ಬೇಗ ಬಿಗಡಾಯಿಸಬಹುದು.

ತಿಂಗಳಿಗೊಮ್ಮೆ ತಲೆಯ ಸುತ್ತಳತೆ ಬರೆದಿಡಿ. ಟೇಪು ಹುಬ್ಬಿನ ಸ್ವಲ್ಪ ಮೇಲಿಂದ ಹೋಗಿ ಹಿಂದೆ ತಲೆ ಅತಿ ಹೆಚ್ಚು ಉಬ್ಬಿರುವ ಕಡೆ ಹಾಯಬೇಕು. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಬರೆಯಿರಿ. ಯಾವಾಗಲೂ ಒಬ್ಬರೇ ಅಳೆದರೆ ಒಳ್ಳೆಯದು. ಒಂದರಿಂದ ಎರಡು ವರ್ಷದವರೆಗಿನ ಇಡೀ ವರ್ಷದಲ್ಲಿ ತಲೆ ಬೆಳೆಯುವುದು ಸುಮಾರು 2 ಸೆಂಟಿಮೀಟರ್ ಅಷ್ಟೇ. ಒಂದೇ ತಿಂಗಳಲ್ಲಿ ಒಂದು ಸೆಂಟಿಮೀಟರ್ ಏರಿದರೆ ಮಗು ನಗುತ್ತಿದ್ದರೂ ತೋರಿಸಿ. ನಿಧಾನವಾಗಿ ಕಟ್ಟಿಕೊಳ್ಳುವ ಶಂಟ್ ವಾಂತಿಯನ್ನೇ ಮಾಡಿಸದೆ ಇರಬಹುದು. ಹಿಡಿದು ನಡೆಯುತ್ತಿದ್ದ ಮಗು ಮತ್ತೆ ತೆವಳತೊಡಗುವುದು, ಆಡುತ್ತಿದ್ದ ಎರಡು ಮಾತು ಬಿಡುವುದು, ಸ್ವಲ್ಪ ದೊಡ್ಡ ಮಕ್ಕಳಾದರೆ ಶಾಲೆಯಲ್ಲಿ ಹಿಂದೆ ಬೀಳುವುದು, ಬೆಳಗಿನ ತಲೆನೋವು, ಎರಡೆರಡು ಕಾಣುವುದು ಇವೇ ಮೊದಲ ಸೂಚನೆ ಆಗಬಹುದು. ‘ಯಾಕೋ ಮಗು ಎಂದಿನಂತಿಲ್ಲ’ ಎಂದು ತಾಯಿಗೆ ಅನ್ನಿಸುವುದೂ ಒಂದು ಲಕ್ಷಣವೇ. ಡಾಕ್ಟರ ಮುಂದೆ ಅದನ್ನು ಅದೇ ಮಾತಿನಲ್ಲಿ ಹೇಳಿ, ಸಂಕೋಚ ಬೇಡ.

ಇನ್ನೊಂದು ಎಚ್ಚರಿಕೆ. ಸ್ಕ್ಯಾನ್ ಸರಿ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತು ಎನ್ನಲಾಗದು. ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಶಂಟ್ ಹಾಕಿ ವರ್ಷಗಳಾದವರಲ್ಲಿ, ಕೋಣೆಗಳ ಗೋಡೆ ಗಟ್ಟಿಯಾಗಿ ಒತ್ತಡ ಏರಿದರೂ ಹಿಗ್ಗುವುದಿಲ್ಲ. ಸ್ಕ್ಯಾನ್ ಆಗಿ ಮನೆಗೆ ಬಂದ ಮೇಲೂ ಮಗು ಮಂಪರಾಗುತ್ತಲೇ ಹೋದರೆ ಕಾಯದೆ ತಕ್ಷಣ ಮತ್ತೆ ಹೋಗಿ. ಪ್ರತಿ ಸಲ ಸಿ.ಟಿ. ಬೇಕೇ ಎಂದೂ ಕೇಳಿ. ಸಿ.ಟಿ.ಯಲ್ಲಿ ವಿಕಿರಣವಿದೆ, ಶಂಟ್ ಮಕ್ಕಳಿಗೆ ಬಾಳಿನುದ್ದಕ್ಕೂ ಹತ್ತಾರು ಸಲ ಸ್ಕ್ಯಾನ್ ಬೇಕಾಗುತ್ತದೆ. ನೆತ್ತಿ ತೆರೆದಿದ್ದರೆ ಅಲ್ಲಿಂದಲೇ ಅಲ್ಟ್ರಾಸೌಂಡ್ ಮಾಡಬಹುದು, ಅನುಕೂಲವಿರುವ ಕಡೆ ಕೆಲವೇ ನಿಮಿಷದ ಎಂ.ಆರ್.ಐ. ಆಗುತ್ತದೆ. ಆದರೆ ಮಗು ಮಂಪರಾಗಿರುವಾಗ ವಿಕಿರಣದ ಚಿಂತೆ ಬೇಡ, ಬೇಗ ಸಿಗುವ ಸ್ಕ್ಯಾನೇ ಸರಿಯಾದ ಸ್ಕ್ಯಾನ್.

ವಾಲ್ವ್ ಒತ್ತಿ ನೋಡುವ ವಿಷಯ: ಮಾಡಬೇಡಿ. ಒತ್ತಿದ್ದು ಪುಟಿದೆದ್ದರೆ ಸರಿ, ಏಳದಿದ್ದರೆ ಕಟ್ಟಿದೆ ಎಂಬ ಲೆಕ್ಕ ನಂಬುವಂಥದ್ದಲ್ಲ. ಕಟ್ಟಿದ ಶಂಟ್‌ನಲ್ಲೂ ಗುಬುಟು ಚೆನ್ನಾಗಿ ಪುಟಿಯಬಹುದು, ಸರಿಯಿರುವುದರಲ್ಲೂ ನಿಧಾನವಾಗಬಹುದು. ಮೇಲಾಗಿ ಪದೇಪದೇ ಒತ್ತಿದರೆ ಆ ಗೊಂಚಲು ಅಂಗಾಂಶವನ್ನು ತೂತಿನೊಳಕ್ಕೆ ಹೀರಿಕೊಂಡಂತೆ ಆಗಬಹುದು.

ಎರಡನೆಯ ದೊಡ್ಡ ತೊಂದರೆ ಸೋಂಕು. ಇದು ಹೆಚ್ಚಾಗಿ ಬರುವುದು ಆಪರೇಷನ್ ಆದ ಮೊದಲ ಎರಡು ತಿಂಗಳಲ್ಲಿ, ಬಹುಪಾಲು ಆರು ತಿಂಗಳೊಳಗೆ. ಕಾರಣ ಸರಳ: ಹೆಚ್ಚಿನ ಸಲ ಕ್ರಿಮಿ ಒಳಹೋಗುವುದು ಆಪರೇಷನ್ ಸಮಯದಲ್ಲೇ, ಚರ್ಮದ ಮೇಲೆ ಸದಾ ಇರುವ ಸ್ಟ್ಯಾಫಿಲೋಕಾಕಸ್ ಜಾತಿಯದು. ನಿಮ್ಮ ಮಗನಿಗೆ ಒಂಬತ್ತು ತಿಂಗಳು ಕಳೆದಿದೆ, ಆ ಅಪಾಯದ ಕಾಲ ಬಹುಮಟ್ಟಿಗೆ ದಾಟಿದ್ದೀರಿ. ಈಗ ಬರುವ ಜ್ವರ ಹೆಚ್ಚಾಗಿ ನೆಗಡಿ, ಕಿವಿ ಸೋರುವುದು, ಮೂತ್ರದ ಸೋಂಕು ಇಂಥದ್ದೇ ಇರುತ್ತದೆ. ಅವನ್ನು ಮೊದಲು ನೋಡಿಸಿ. ಆದರೆ ಪೈಪಿನ ಹಾದಿಯುದ್ದಕ್ಕೂ ಚರ್ಮ ಕೆಂಪಾಗಿ ಊದುವುದು, ಗಾಯದಿಂದ ಕೀವು ಬರುವುದು, ಹೊಟ್ಟೆ ಮುಟ್ಟಿದರೆ ಅಳುವುದು ಕಂಡರೆ ಎಷ್ಟು ವರ್ಷವಾಗಿದ್ದರೂ ಶಂಟನ್ನು ಅನುಮಾನಿಸಬೇಕು. ಗಾಯದ ಜಾಗದಲ್ಲಿ ದಿಂಬು ಒದ್ದೆಯಾಗಿದ್ದರೆ, ಅದು ಬಣ್ಣವಿಲ್ಲದ ನೀರಾದರೂ ಸರಿ, ಅಂದೇ ಹೋಗಬೇಕು. ನೀರು ಹೊರಬರುವ ದಾರಿಯಲ್ಲೇ ಕ್ರಿಮಿ ಒಳಗೆ ಹೋಗುತ್ತದೆ. ಅಲ್ಲಿಗೆ ಅರಿಸಿನ, ವಿಭೂತಿ, ಪುಡಿ ಔಷಧಿ ಯಾವುದೂ ಬೇಡ. ಸ್ವಚ್ಛವಾದ ಗಾಜ್ ಮುಚ್ಚಿಕೊಂಡು ಹೊರಡಿ.

ಇಲ್ಲಿ ಊರುಗಳಲ್ಲಿ ಆಗುವ ಒಂದು ತಪ್ಪನ್ನು ಒತ್ತಿ ಹೇಳಬೇಕು. ಶಂಟ್ ಸೋಂಕಿನ ಅನುಮಾನವಿರುವಾಗ ಎರಡು ದಿನ ಆ್ಯಂಟಿಬಯಾಟಿಕ್ ಸಿರಪ್, ಮೂರನೇ ದಿನ ಇಂಜೆಕ್ಷನ್, ಆಮೇಲೆ ದೊಡ್ಡಾಸ್ಪತ್ರೆ ಎಂದರೆ, ಅಲ್ಲಿ ಶಂಟ್ ನೀರು ತೆಗೆದು, ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಾದ ಕಲ್ಚರ್‌ಗೆ ಹಾಕಿದಾಗ ಹಲವು ಸಲ ಏನೂ ಬೆಳೆಯುವುದಿಲ್ಲ. ಕ್ರಿಮಿ ಸತ್ತಿರುವುದಿಲ್ಲ, ಅಡಗಿರುತ್ತದೆ. ಯಾವ ಕ್ರಿಮಿ, ಯಾವ ಔಷಧಿ ಎಂಬುದು ತಿಳಿಯದೆ ವಾರಗಟ್ಟಲೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮಗುವಿನ ಸ್ಥಿತಿ ಗಂಭೀರವಾಗಿ ಕೈಕಾಲು ತಣ್ಣಗಾಗಿದ್ದರೆ ಮಾತ್ರ ಔಷಧಿ ತಡೆಯಬಾರದು, ಉಳಿದಂತೆ ಮೊದಲು ಕಲ್ಚರ್, ಆಮೇಲೆ ಔಷಧಿ. ಹಾಗೆಯೇ, ಮೆದುಳುಜ್ವರವೇ ಎಂದು ನೋಡಲು ಬೆನ್ನಿನಿಂದ ನೀರು ತೆಗೆಯೋಣ ಎಂದು ಯಾರಾದರೂ ಹೇಳಿದರೆ, ಮೊದಲು ನ್ಯೂರೋಸರ್ಜನ್ ಜೊತೆ ಮಾತಾಡುವಂತೆ ವಿನಂತಿಸಿ. ತಲೆಯೊಳಗೆ ದಾರಿ ಕಟ್ಟಿರುವ ಮಗುವಿಗೆ ಅದು ಅಪಾಯ ತರಬಹುದು.

ಸೋಂಕಿರುವ ಶಂಟನ್ನು ಔಷಧಿಯಿಂದಷ್ಟೇ ವಾಸಿ ಮಾಡುವುದು ಕಷ್ಟ. ಕ್ರಿಮಿಗಳು ಸಿಲಿಕೋನ್ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ, ರಕ್ತದಲ್ಲಿ ಬರುವ ಔಷಧಿ ಆ ಪದರ ದಾಟುವುದಿಲ್ಲ. ಅದಕ್ಕೇ ಹಳೆಯ ಶಂಟ್ ತೆಗೆದು, ನೀರು ಹೊರಗಿನ ಚೀಲಕ್ಕೆ ಹೋಗುವಂತೆ ತಾತ್ಕಾಲಿಕ ಕೊಳವೆ ಇಟ್ಟು, ರಕ್ತನಾಳದ ಮೂಲಕ ಔಷಧಿ ಕೊಟ್ಟು, ನೀರು ಶುದ್ಧವಾಗಿದೆ ಎಂದು ಮತ್ತೆ ಮತ್ತೆ ಖಚಿತಪಡಿಸಿಕೊಂಡ ಮೇಲೆ ಹೊಸ ಶಂಟ್ ಹಾಕುತ್ತಾರೆ. ಎರಡು ವಾರವೋ ಹೆಚ್ಚೋ ಆಸ್ಪತ್ರೆವಾಸ. ಆ ಚೀಲದ ಎತ್ತರವನ್ನು ನರ್ಸ್ ಅಳೆದು ಇಟ್ಟಿರುತ್ತಾರೆ. ಮಗುವನ್ನು ಎತ್ತಿಕೊಳ್ಳುವ ಮೊದಲು, ಮಂಚ ಏರಿಸುವ ಮೊದಲು ಅವರನ್ನು ಕರೆದು ಕೊಳವೆ ಮುಚ್ಚಿಸಿ. ಚೀಲ ಕೆಳಗಾದರೆ ಕೆಲವೇ ನಿಮಿಷದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹರಿದುಹೋಗುತ್ತದೆ.

ಹೊಟ್ಟೆಯ ಕಡೆ ಆಗುವ ತೊಂದರೆಗಳು ಕಡಿಮೆ, ಆದರೆ ಗೊತ್ತಿರಲಿ. ಪೈಪಿನ ತುದಿಯ ಸುತ್ತ ನೀರಿನ ಗಂಟು ಕಟ್ಟಿ ಹೊಟ್ಟೆ ಉಬ್ಬಬಹುದು, ಅದರ ಹಿಂದೆ ಹಲವು ಸಲ ನಿಧಾನದ ಸೋಂಕು ಇರುತ್ತದೆ. ಗಂಡುಮಕ್ಕಳಲ್ಲಿ ತೊಡೆಸಂದಿ ಅಥವಾ ವೃಷಣದ ಚೀಲ ಊದಬಹುದು. ತೀರ ಮಲಬದ್ಧತೆಯಾದರೆ ಹೊಟ್ಟೆಯೊಳಗಿನ ಒತ್ತಡ ಏರಿ ನೀರು ಇಳಿಯುವುದು ಕುಂಠಿತವಾಗುತ್ತದೆ, ಆದ್ದರಿಂದ ಮಗುವಿಗೆ ದಿನಾ ಸಲೀಸಾಗಿ ಮಲ ಹೋಗುವಂತೆ ನೋಡಿಕೊಳ್ಳಿ. ಅಪರೂಪಕ್ಕೆ ಪೈಪು ಕರುಳು ತೂತು ಮಾಡಿಕೊಂಡು ಗುದದಿಂದ ಹೊರಗೆ ಇಣುಕುತ್ತದೆ. ಮಗುವಿಗೆ ಹೊಟ್ಟೆನೋವೂ ಇಲ್ಲದೆ, ತೊಳೆಯುವಾಗ ಬಿಳಿ ದಾರದಂತೆ ಕಂಡು ಜಂತುಹುಳು ಎಂದುಕೊಳ್ಳುವವರಿದ್ದಾರೆ. ಅದನ್ನು ಎಳೆಯಬೇಡಿ, ಕತ್ತರಿಸಬೇಡಿ, ಒಳಗೆ ತಳ್ಳಬೇಡಿ. ಸ್ವಚ್ಛ ಬಟ್ಟೆ ಸುತ್ತಿ ಅಂದೇ ಆಸ್ಪತ್ರೆಗೆ ಹೋಗಿ. ಕರುಳಿನ ಕ್ರಿಮಿ ಆ ಪೈಪಿನೊಳಗೇ ಮಿದುಳಿನವರೆಗೆ ಹತ್ತಬಲ್ಲದು.

ನೀರು ಬೇಕಾದ್ದಕ್ಕಿಂತ ಹೆಚ್ಚು ಹರಿಯುವುದೂ ಒಂದು ತೊಂದರೆ. ಕೂಸಿನಲ್ಲಿ ನೆತ್ತಿ ಗುಳಿ ಬೀಳುತ್ತದೆ, ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಏರುತ್ತವೆ. ದೊಡ್ಡ ಮಕ್ಕಳಲ್ಲಿ ಎದ್ದು ಕೂತರೆ ತಲೆನೋವು, ಮಲಗಿದರೆ ಇಳಿಯುತ್ತದೆ, ಅಂದರೆ ಕಟ್ಟಿದ ಶಂಟ್‌ನ ಬೆಳಗಿನ ನೋವಿಗೆ ತದ್ವಿರುದ್ಧ. ಮಿದುಳು ಕುಗ್ಗಿದ ಜಾಗದಲ್ಲಿ ರಕ್ತ ಸೇರುವ ಸಾಧ್ಯತೆಯೂ ಇರುವುದರಿಂದ ತಲೆಗೆ ಪೆಟ್ಟು ಬಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗಿನಿಂದ ಒತ್ತಡ ಹೊಂದಿಸುವ ವಾಲ್ವ್ ಇದ್ದರೆ ಅದನ್ನು ಆಪರೇಷನ್ ಇಲ್ಲದೆ ಸರಿಪಡಿಸಬಹುದು. ಆದರೆ ಅಂಥ ಹಲವು ವಾಲ್ವ್‌ಗಳು ಅಯಸ್ಕಾಂತಕ್ಕೆ ಅಲುಗುತ್ತವೆ: ಎಂ.ಆರ್.ಐ. ಆದ ಮೇಲೆ ಒತ್ತಡದ ಅಂಕಿ ಪರೀಕ್ಷಿಸಲೇಬೇಕು, ಆಯಸ್ಕಾಂತದ ಆಟಿಕೆ ತಲೆಯ ಹತ್ತಿರ ಬರಬಾರದು. ನಿಮ್ಮದು ಕಡಿಮೆ ಬೆಲೆಯದಾದರೆ ಬಹುಶಃ ಒತ್ತಡ ಬದಲಿಸಲಾಗದ ಮಾದರಿ, ಈ ತಲೆಬಿಸಿ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಹೆಸರು ನೋಡಿ ಖಚಿತ ಮಾಡಿಕೊಳ್ಳಿ.

ಬೆಲೆಯ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಕೊರಗನ್ನು ಬಿಡಿ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು, ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ವಿದೇಶಿ ಶಂಟ್ ಜೊತೆ ಡಾ. ಬೆಂಜಮಿನ್ ವಾರ್ಫ್ ಅವರು ಉಗಾಂಡದ 195 ಮಕ್ಕಳಲ್ಲಿ ಹೋಲಿಸಿ ನೋಡಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಹಣ ಕೊಟ್ಟರೆ ನಿಜಕ್ಕೂ ಲಾಭವಿರುವ ಒಂದು ಕಡೆ ಎಂದರೆ ಆ್ಯಂಟಿಬಯಾಟಿಕ್ ಬೆರೆಸಿದ ಕೊಳವೆ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಮೂಲಿ ಕೊಳವೆಯಲ್ಲಿ ನೂರಕ್ಕೆ 6 ಇದ್ದ ಸೋಂಕು ಇದರಲ್ಲಿ 2ಕ್ಕೆ ಇಳಿಯಿತು. ಬೆಳ್ಳಿ ಬೆರೆಸಿದ ಕೊಳವೆಯಿಂದ ಅಂಥ ಲಾಭ ಸಿಗಲಿಲ್ಲ. ಮುಂದೆ ಎಂದಾದರೂ ಶಂಟ್ ಬದಲಿಸುವ ಸಂದರ್ಭ ಬಂದರೆ ಇದನ್ನು ಕೇಳಿ. ಇನ್ನೊಂದನ್ನೂ ಕೇಳಿ: ನೀರು ಕಟ್ಟಿದ ಕಾರಣ ಮಿದುಳಿನೊಳಗಿನ ಕಿರಿದಾದ ಕಾಲುವೆ ಮುಚ್ಚಿದ್ದಾದರೆ, ಕ್ಯಾಮೆರಾ ಇರುವ ಸಣ್ಣ ನಳಿಗೆಯ ಮೂಲಕ ಒಳಗೇ ಬೇರೆ ದಾರಿ ಕೊರೆಯುವ ಎಂಡೋಸ್ಕೋಪಿಕ್ ಚಿಕಿತ್ಸೆ ನಮ್ಮ ಮಗನಿಗೆ ಆಗುತ್ತದೆಯೇ ಎಂದು. ಆದರೆ ಆ ದಾರಿಯೂ ಮುಚ್ಚಬಹುದು. ಅದು ಆದವರಿಗೂ ಮೇಲೆ ಹೇಳಿದ ಎಚ್ಚರವೆಲ್ಲ ಅನ್ವಯಿಸುತ್ತದೆ.

ಇಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ಲೆಕ್ಕ ಶಂಟ್‌ಗೆ ಇಲ್ಲ. ಕೆಲಸ ಮಾಡುತ್ತಿರುವವರೆಗೆ ಮುಟ್ಟುವುದಿಲ್ಲ. ಮಗು ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಹೊಟ್ಟೆಯೊಳಗೆ ಪೈಪನ್ನು ಧಾರಾಳವಾಗಿಯೇ ಬಿಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಕುತ್ತಿಗೆಯ ಭಾಗದಲ್ಲಿ ಪೈಪಿನ ಮೇಲೆ ಸುಣ್ಣದಂಶ ಕಟ್ಟಿ ಗಡುಸಾಗುತ್ತದೆ, ಮಗು ಉದ್ದವಾಗುವಾಗ ಅಲ್ಲೇ ತುಂಡಾಗಬಹುದು. ತುಂಡಾದ ಮೇಲೂ ಸುತ್ತಲಿನ ಪೊರೆಯೊಳಗೆ ನೀರು ಸ್ವಲ್ಪ ಕಾಲ ಹರಿಯುವುದರಿಂದ ಮಗು ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಂದು ದಿನ ಬೀಳುತ್ತದೆ. ತಲೆಯಿಂದ ಹೊಟ್ಟೆಯವರೆಗಿನ ಎಕ್ಸ್‌ರೇಯಲ್ಲಿ ಇದು ಸಿಗುತ್ತದೆ.

ಎಣ್ಣೆ ಹಚ್ಚಬಹುದು, ಗಾಯ ಪೂರ್ತಿ ಮಾಗಿದೆ ತಾನೆ. ವಾಲ್ವ್ ಮತ್ತು ಪೈಪಿನ ಹಾದಿಯನ್ನು, ಅಂದರೆ ಕಿವಿಯ ಹಿಂದೆ, ಕುತ್ತಿಗೆಯ ಪಕ್ಕ, ಎದೆಯ ಆ ಗೆರೆ, ಬಿಟ್ಟು ಉಳಿದ ಕಡೆ ಅಂಗೈಯಿಂದ ಹಗುರವಾಗಿ ಸವರಿ. ತಲೆಗೆ ‘ಆಕಾರ ಕೊಡಲು’ ಒತ್ತುವುದು, ನೆತ್ತಿಗೆ ಎಣ್ಣೆ ತಟ್ಟುವುದು ಬೇಡ. ಅತ್ತೆಯವರ ಬೆರಳನ್ನೇ ಹಿಡಿದು ಪೈಪಿನ ಮೇಲೆ ಒಮ್ಮೆ ಹಗುರವಾಗಿ ಆಡಿಸಿ ತೋರಿಸಿದರೆ, ಆಮೇಲೆ ಅವರೇ ಎಲ್ಲರಿಗಿಂತ ಜೋಪಾನ ಮಾಡುತ್ತಾರೆ. ಜವಳಕ್ಕೂ ಅಡ್ಡಿಯಿಲ್ಲ, ಕತ್ತಿ ಮಾತ್ರ ಬೇಡ. ವಾಲ್ವ್ ಮೇಲಿನ ಚರ್ಮ ತೆಳ್ಳಗೆ ಎಳೆದಂತಿರುತ್ತದೆ, ಅಲ್ಲಿ ಸಣ್ಣ ಗೀರೂ ಸೋಂಕಿನ ಬಾಗಿಲಾದೀತು. ಟ್ರಿಮ್ಮರ್ ಹಾಕಿಸಿ, ಗುಬುಟಿನ ಸುತ್ತ ಕತ್ತರಿಯಲ್ಲಿ ಮೇಲಿಂದ ಮೇಲೆ ತೆಗೆಸಿ. ಲಸಿಕೆಗಳನ್ನು ಒಂದೂ ತಪ್ಪಿಸಬೇಡಿ.

ಕೊನೆಯದಾಗಿ ಒಂದು ಚೀಲ ಸಿದ್ಧವಿರಲಿ: ಡಿಸ್ಚಾರ್ಜ್ ಚೀಟಿ, ಶಂಟ್‌ನ ಹೆಸರು ಮತ್ತು ಒತ್ತಡದ ಮಾದರಿ, ಹೋದ ತಿಂಗಳ ಸ್ಕ್ಯಾನ್, ಸುತ್ತಳತೆ ಬರೆದ ಪುಸ್ತಕ, ಆಯುಷ್ಮಾನ್ ಕಾರ್ಡ್, ಬಿ.ಪಿ.ಎಲ್. ಪಡಿತರ ಚೀಟಿ. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ, ಆದರೆ ಮಂಪರಾದ ಮಗುವನ್ನು ದಾವಣಗೆರೆಯಿಂದ ಬೆಂಗಳೂರಿನವರೆಗೆ ನೇರವಾಗಿ ಒಯ್ಯಬೇಡಿ. ಹತ್ತಿರದಲ್ಲಿ ನ್ಯೂರೋಸರ್ಜನ್ ಇರುವ ಯಾವ ಆಸ್ಪತ್ರೆಯಿದೆ ಎಂದು ಇವತ್ತೇ ವಿಚಾರಿಸಿ, ಅಲ್ಲಿನ ಫೋನ್ ನಂಬರ್ ಗೋಡೆಗೆ ಬರೆದಿಡಿ. ಆಪರೇಷನ್ ಮಾಡಿದವರೇ ನೋಡಬೇಕೆಂದಿಲ್ಲ. ದಾರಿಯಲ್ಲಿ ಮಗುವಿನ ತಲೆ ತುಸು ಎತ್ತರದಲ್ಲಿರಲಿ, ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಹೊರಡುವಾಗ ಹೊಟ್ಟೆ ತುಂಬ ಕುಡಿಸಬೇಡಿ, ಅರಿವಳಿಕೆಗೆ ಎದೆಹಾಲಾದರೆ 4 ಗಂಟೆ, ಊಟ ಅಥವಾ ಹಸುವಿನ ಹಾಲಾದರೆ 6 ಗಂಟೆ ಅಂತರ ಬೇಕು. ಕೊನೆಯ ಸಲ ಏನು, ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಹೊರಡಿ.